ಬೆಕ್ಕು ಸೋಫಾ ಪರಚುವುದನ್ನು ಬಿಡಿಸಲು ನೀರು ಎರಚಬಹುದೇ?

ನೀರು ಎರಚಿದರೆ ಬೆಕ್ಕು ಸೋಫಾ ಪರಚುವುದನ್ನು ಬಿಡುತ್ತದೆಯೇ, ಬಿಡದಿದ್ದರೆ ಉಗುರನ್ನೇ ತೆಗೆಸಬಹುದೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇವೇ ಎರಡು ಪ್ರಶ್ನೆಗಳನ್ನು ಹೊತ್ತು ನಾನು ಪಶುವೈದ್ಯರ ಬಳಿಗೆ ಹೋಗಿದ್ದೆ. ಅಷ್ಟರಲ್ಲಿ ನಮ್ಮ ಸೋಫಾದ ಎರಡೂ ತೋಳುಗಳ ಬಟ್ಟೆ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು.

ಉಗುರು ಮಸೆಯಲೆಂದೇ ಮಾಡಿದ ಕಂಬವೊಂದನ್ನು ನಾನು ಮೊದಲೇ ತಂದಿದ್ದೆ. ಆದರೆ ನಡುಮನೆಯ ಅಂದ ಕೆಡುತ್ತದೆಂದು ಅದನ್ನು ಹಿಂದಿನ ಕೋಣೆಯ ಬಾಗಿಲ ಮರೆಯಲ್ಲಿ ಇರಿಸಿದೆ. ಸೋಫಾ ಹಾಳಾದದ್ದು ಈ ಒಂದು ತಪ್ಪಿನಿಂದ. ಬೆಕ್ಕು ಪರಚುವುದು ಉಗುರಿನ ಹಳೆಯ ಪೊರೆ ಕಳಚಲು ಮಾತ್ರವಲ್ಲ. ಅದರ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿದ್ದು, ಪರಚಿದಾಗಲೆಲ್ಲ ಈ ಜಾಗ ತನ್ನದೆಂಬ ಗುರುತನ್ನು ಅಲ್ಲಿ ಉಳಿಸುತ್ತದೆ. ಮನೆಮಂದಿಯೆಲ್ಲ ಕೂರುವ, ನಮ್ಮ ಮೈವಾಸನೆ ಹೆಚ್ಚಾಗಿ ಅಂಟಿರುವ ಸೋಫಾವನ್ನು ಬಿಟ್ಟು, ಯಾರೂ ಸುಳಿಯದ ಮೂಲೆಯಲ್ಲಿ ಅದು ಗುರುತು ಹಾಕುವುದಾದರೂ ಏಕೆ? ಮೇಲಾಗಿ, ನಿದ್ದೆಯಿಂದ ಎದ್ದ ಕೂಡಲೇ ಬೆಕ್ಕು ಮೈಮುರಿಯುತ್ತಾ ಉಗುರು ಊರುತ್ತದೆ. ನಮ್ಮದು ಮಲಗುತ್ತಿದ್ದದ್ದು ಸೋಫಾದ ಮೇಲೆಯೇ. ಮೈಮುರಿಯಲೆಂದು ಅದು ಎರಡು ಕೋಣೆ ದಾಟಿ ಹೋಗಲಿಲ್ಲ. ಇದು ತಿಳಿಯದೆ ಎಂಟು ತಿಂಗಳು ಅದನ್ನು ಎತ್ತಿಕೊಂಡು ಹೋಗಿ, ಮುಂಗಾಲು ಹಿಡಿದು ಕಂಬಕ್ಕೆ ಉಜ್ಜಿಸಿದೆ. ಅದು ಕಾಲು ಕಿತ್ತುಕೊಂಡು ಓಡುತ್ತಿತ್ತು, ಕೊನೆಗೆ ಆ ಕೋಣೆಗೆ ಬರುವುದನ್ನೇ ಬಿಟ್ಟಿತು.

ನೀರನ್ನೂ ಎರಚಿದೆ. ಪರಚುವುದು ನಿಲ್ಲಲಿಲ್ಲ, ನಾನು ಮಲಗಿದ ಮೇಲೆ ಶುರುವಾಗತೊಡಗಿತು. ಜೊತೆಗೆ ನಾನು ಕೈ ಎತ್ತಿದರೆ ಸಾಕು, ಬೆಕ್ಕು ಮಂಚದಡಿ ಸೇರುತ್ತಿತ್ತು. ಅದು ಮತ್ತೆ ನನ್ನ ಮಡಿಲಿಗೆ ಬರಲು ವಾರಗಳೇ ಹಿಡಿದವು. ಆ ನೋವು ನನಗೆ ಈಗಲೂ ಇದೆ.

ಉಗುರು ತೆಗೆಸುವ ಮಾತನ್ನು ದಯವಿಟ್ಟು ಮರೆತುಬಿಡಿ. ಅದು ಉಗುರು ಕತ್ತರಿಸುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಬ್ರಿಟನ್ ಸೇರಿದಂತೆ ಹಲವು ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಇನ್ನು, ಪರಚುವುದನ್ನು ಬಿಡಿಸಬೇಕೆಂಬ ನಿಮ್ಮ ಮೂಲ ಉದ್ದೇಶವನ್ನೇ ನಾನು ಒಪ್ಪುವುದಿಲ್ಲ. ಬೆಕ್ಕು ಪರಚಿಯೇ ತೀರುತ್ತದೆ. ಎಲ್ಲಿ ಪರಚಬೇಕೆಂಬುದನ್ನು ಮಾತ್ರ ನಾವು ಬದಲಿಸಬಹುದು.

ವೈದ್ಯರ ಮಾತಿನಂತೆ ಹಳೆಯ ಕುಳ್ಳು ಕಂಬವನ್ನು ತೆಗೆದು, ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚಬಲ್ಲಂಥ, ಸುಮಾರು 90 ಸೆಂಟಿಮೀಟರ್ ಎತ್ತರದ, ಅಲುಗಾಡದ ಭಾರವಾದ ಅಡಿಯಿರುವ, ಕತ್ತಾಳೆ ನಾರಿನ ಹಗ್ಗ ಸುತ್ತಿದ ಕಂಬವನ್ನು ಸೋಫಾದ ತೋಳಿಗೆ ತಾಗಿಸಿಯೇ ನಿಲ್ಲಿಸಿದೆ. ಸೋಫಾದ ತೋಳಿಗೆ ಎರಡೂ ಬದಿ ಅಂಟುವ ಟೇಪು ಹಚ್ಚಿದೆ, ಏಕೆಂದರೆ ಅಂಗಾಲಿಗೆ ಅಂಟುವುದನ್ನು ಬೆಕ್ಕುಗಳು ಸಾಮಾನ್ಯವಾಗಿ ಸಹಿಸುವುದಿಲ್ಲ. ಮೂರನೆಯ ಬೆಳಿಗ್ಗೆ ಅದು ತಾನಾಗಿಯೇ ಕಂಬಕ್ಕೆ ಉಗುರು ಊರಿತು. ಆ ಕ್ಷಣವೇ ಅದಕ್ಕೆ ಪ್ರಿಯವಾದ ತಿನಿಸು ಕೊಟ್ಟೆ. ಎರಡು ತಿಂಗಳ ನಂತರ ಟೇಪನ್ನು ಕಿತ್ತೆ. ನಿಮ್ಮ ಬೆಕ್ಕು ನೆಲಹಾಸನ್ನೂ ಪರಚುತ್ತಿದ್ದರೆ, ನೆಲದ ಮೇಲೆ ಅಡ್ಡಲಾಗಿ ಇಡುವ ಹಲಗೆಯೂ ಬೇಕಾದೀತು. ಎರಡು ಮೂರು ವಾರಗಳಿಗೊಮ್ಮೆ ಉಗುರಿನ ತುದಿಯನ್ನಷ್ಟೇ ಕತ್ತರಿಸಿ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳವಿರುತ್ತದೆ.

ಕಂಬದ ಹಗ್ಗ ಹರಿದು ಜೋಲತೊಡಗಿದಾಗ ಎಸೆಯಲು ಅವಸರಪಡಬೇಡಿ. ನಾನು ಈವರೆಗೆ ಎರಡು ಸಲ ಹಗ್ಗ ಬದಲಿಸಿದ್ದೇನೆ, ಎರಡು ಸಲವೂ ಬೆಕ್ಕಿನ ವಾಸನೆ ಉಳಿಯಲೆಂದು ಒಂದು ಗೇಣು ಹಳೆಯ ಹಗ್ಗವನ್ನು ಹಾಗೆಯೇ ಬಿಟ್ಟಿದ್ದೇನೆ.