ಹಣಬಲವಿಲ್ಲದವರು ವಿಧಾನಸಭೆಗೆ ಸ್ಪರ್ಧಿಸಬಹುದೇ?

ಪ್ರಶ್ನೆ: ಮಾನ್ಯರೆ, ನಾನು ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಸ್ತ್ರೀಶಕ್ತಿ ಸಂಘದಲ್ಲಿಯೂ ರೈತರ ಹೋರಾಟಗಳಲ್ಲಿಯೂ ದುಡಿದಿದ್ದೇನೆ. ಮುಂದಿನ ವಿಧಾನಸಭಾ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲಬೇಕೆಂದು ಸುತ್ತಲಿನ ಊರುಗಳವರು ಒತ್ತಾಯಿಸುತ್ತಿದ್ದಾರೆ. ಕೋಟಿಗಟ್ಟಲೆ ಹಣವಿಲ್ಲದೆ ಅದು ಆಗದ ಮಾತೆಂದು ಮನೆಯವರು ಹೆದರುತ್ತಾರೆ. ನಾವು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮನೆಯವರ ಹೆದರಿಕೆಗೆ ಕಾರಣವಿದೆ. 2023ರ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿ ಪಕ್ಷೇತರರಾಗಿ ಗೆದ್ದವರು ಇಬ್ಬರು ಮಾತ್ರ. ಇದನ್ನು ಮರೆಮಾಚಿ ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ. ಆದರೆ ಹಣವಿಲ್ಲದವರು ಗೆದ್ದ ಪರಂಪರೆಯೊಂದು ಈ ನಾಡಿನಲ್ಲಿಯೇ ಇದೆ. ಅವರು ಹೇಗೆ ಗೆದ್ದರು ಎಂಬುದನ್ನು ಮೊದಲು ನೋಡೋಣ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತವನ್ನು ಅಳೆಯುವ ಕೊಳಗದಲ್ಲಿಯೇ ತಮಗೆ ಅನ್ಯಾಯವಾಗುತ್ತಿದೆಯೆಂದು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಎದ್ದು ನಿಂತರು. ಆ ಸತ್ಯಾಗ್ರಹದಲ್ಲಿ ದುಡಿದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಮರುವರ್ಷ, 1952ರಲ್ಲಿ, ಪ್ರಬಲ ಕಾಂಗ್ರೆಸ್ ಅಭ್ಯರ್ಥಿಯ ಎದುರು ಗೆದ್ದು ವಿಧಾನಸಭೆ ಪ್ರವೇಶಿಸಿದರು. ಅವರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮಂಡ್ಯ ಜಿಲ್ಲೆಯಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಆಯ್ಕೆಯಾದರು. ಅವರ ಮಗ ದರ್ಶನ್ 2018ರಲ್ಲಿ ಸೋತು 2023ರಲ್ಲಿ ಗೆದ್ದರು. ‘ಒಂದು ಓಟು, ಒಂದು ನೋಟು’ ಎಂಬುದು ರೈತ ಸಂಘದ ಪ್ರಚಾರದ ಹೆಸರಾಂತ ಕರೆ. ಮತದ ಜತೆಗೆ ಕೈಲಾದಷ್ಟು ಹಣವನ್ನೂ ಕೊಡಿರೆಂದು ಅಭ್ಯರ್ಥಿಯೇ ಮತದಾರರನ್ನು ಕೇಳುವ ರೀತಿ ಅದು. ಅದರಿಂದ ಕೂಡುವ ಮೊತ್ತ ದೊಡ್ಡದಲ್ಲದಿರಬಹುದು; ಆದರೆ ಹತ್ತು ರೂಪಾಯಿ ಕೊಟ್ಟ ಮನೆಯವರು ಆ ಅಭ್ಯರ್ಥಿಯನ್ನು ತಮ್ಮವರೆಂದು ಭಾವಿಸಿ ನೆರೆಮನೆಯವರೊಂದಿಗೂ ಮಾತನಾಡುತ್ತಾರೆ. ಹಣ ಹಂಚುವ ಅಭ್ಯರ್ಥಿಗೆ ಇಂಥ ಕಾರ್ಯಕರ್ತರು ಸಿಗುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಇವರೆಲ್ಲರ ಪ್ರಚಾರ ಚುನಾವಣೆ ಘೋಷಣೆಯಾದ ದಿನ ಹುಟ್ಟಿದ್ದಲ್ಲ ಎಂಬುದನ್ನು ಗಮನಿಸಬೇಕು. ಆದ್ದರಿಂದ ನೀವು ಬ್ಯಾನರಿನಿಂದ ಆರಂಭಿಸಬೇಡಿ, ಮತದಾರರ ಪಟ್ಟಿಯಿಂದ ಆರಂಭಿಸಿ. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಎಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 260. ಪ್ರತಿ ಮತಗಟ್ಟೆಗೂ ಪಟ್ಟಿಯ ಒಂದು ಭಾಗವಿರುತ್ತದೆ. ಅದನ್ನು ಮುದ್ರಿಸಿಕೊಂಡು, ಆ ಓಣಿಯನ್ನು ಬಲ್ಲ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಹೆಸರು ಹೆಸರಾಗಿ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿ: ಯಾರು ತೀರಿಕೊಂಡಿದ್ದಾರೆ, ಯಾರು ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿದ್ದಾರೆ, ಮದುವೆಯಾಗಿ ಬಂದ ಯಾವ ಸೊಸೆಯ ಹೆಸರು ಇನ್ನೂ ಸೇರಿಲ್ಲ, ಹದಿನೆಂಟು ತುಂಬಿದ ಯಾರು ಉಳಿದಿದ್ದಾರೆ. ಹೊಸಬರಿಗೆ ನಮೂನೆ 6 ತುಂಬಿಸಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರಿಸಲು ಅವಕಾಶವಿಲ್ಲವಾದ್ದರಿಂದ ಈ ಕೆಲಸ ಬಹಳ ಮುಂಚೆಯೇ ಮುಗಿಯಬೇಕು. ಇದಕ್ಕೆ ತಗಲುವ ಖರ್ಚು ಕಡಿಮೆ. ಇದರಿಂದ ದೊರೆಯುವ ಪರಿಚಯ ಮಾತ್ರ ಯಾವ ರೋಡ್ ಶೋದಿಂದಲೂ ದೊರೆಯದು.

ಒಂದೆರಡು ಮತಗಳಿಂದ ಏನಾಗುತ್ತದೆ ಎನ್ನುವವರಿಗೆ 2004ರ ಸಂತೇಮರಹಳ್ಳಿಯ ಫಲಿತಾಂಶವನ್ನು ನೆನಪಿಸಿ. ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. 2023ರಲ್ಲಿ ಬೆಂಗಳೂರಿನ ಜಯನಗರದ ಗೆಲುವಿನ ಅಂತರ 16 ಮತ.

ಮತದಾನದ ದಿನ ನಿಮ್ಮ ಏಜೆಂಟರು ಮತಗಟ್ಟೆಯಲ್ಲಿ ಇರಲೇಬೇಕು. ಮತಯಂತ್ರ ಸರಿಯಾಗಿದೆಯೇ ಎಂದು ನೋಡಲು ಬೆಳಿಗ್ಗೆ ನಡೆಯುವ ಅಣಕು ಮತದಾನಕ್ಕೆ ಅವರು ತಡವಾಗದೆ ಹೋಗಬೇಕು. ಸಂಜೆ ಮತದಾನ ಮುಗಿದ ಮೇಲೆ, ಒಟ್ಟು ಎಷ್ಟು ಮತ ದಾಖಲಾಗಿದೆ ಎಂಬುದನ್ನು ತಿಳಿಸುವ ನಮೂನೆ 17ಸಿಯ ಪ್ರತಿಯನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಿಂದ ಪಡೆದೇ ಹೊರಬರಬೇಕು. ಸಣ್ಣ ಅಭ್ಯರ್ಥಿಗಳು ಈ ಕೆಲಸವನ್ನು ಕಡೆಗಣಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಎಲ್ಲ ಮತಗಟ್ಟೆಗಳಿಗೂ ನಂಬಿಕಸ್ಥ ಏಜೆಂಟರು ಸಿಗುವರೇ ಎಂದು ಈಗಲೇ ಲೆಕ್ಕ ಹಾಕಿ. ಅರ್ಧದಷ್ಟಕ್ಕೂ ಸಿಗದಿದ್ದರೆ, ಈ ಬಾರಿ ಜಿಲ್ಲಾ ಅಥವಾ ತಾಲ್ಲೂಕು ಪಂಚಾಯಿತಿಗೆ ಸ್ಪರ್ಧಿಸಿ ಬಲ ಕೂಡಿಸಿಕೊಳ್ಳುವುದು ಮೇಲೆಂದು ಹೇಳುತ್ತೇನೆ.

ಪ್ರಶ್ನೆ: ಠೇವಣಿ ಎಷ್ಟು? ಸೂಚಕರು ಎಷ್ಟು ಮಂದಿ ಬೇಕು? ಖರ್ಚಿನ ಲೆಕ್ಕ ಇಡುವುದು ಹೇಗೆ?
– ಯುವ ಓದುಗರು, ರಾಯಚೂರು

ಉತ್ತರ: ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಸೋತವರಿಗೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ. ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರೇ ಸೂಚಕರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಆಸ್ತಿ, ಸಾಲ ಮತ್ತು ಪ್ರಕರಣಗಳ ವಿವರವುಳ್ಳ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬೇಡಿ. ಏನೂ ಇಲ್ಲದ ಕಡೆ ‘ಇಲ್ಲ’ ಎಂದೇ ಬರೆಯಿರಿ.

ನಮ್ಮ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಅದು ಮಿತಿಯೇ ಹೊರತು ಅಷ್ಟು ಖರ್ಚು ಮಾಡಲೇಬೇಕೆಂಬ ನಿಯಮವಲ್ಲ. ಚುನಾವಣೆಗೆಂದೇ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮುಂಚೆ ತೆರೆಯಬೇಕು. ಚುನಾವಣೆಯ ಅವಧಿಯಲ್ಲಿ ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಒಬ್ಬರಿಗೆ ಅದಕ್ಕಿಂತ ಹೆಚ್ಚು ನಗದು ಕೊಡುವಂತೆಯೂ ಇಲ್ಲ. ಅಧಿಕಾರಿಗಳು ಕೊಡುವ ವಹಿಯಲ್ಲಿ ದೈನಂದಿನ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕ್ ವ್ಯವಹಾರಕ್ಕೆ ಹಳದಿ ಹಾಳೆಗಳಿರುತ್ತವೆ. ಚಹಾ, ಶಾಮಿಯಾನ, ಆಟೊ ಬಾಡಿಗೆ ಎಲ್ಲವನ್ನೂ ಅಂದಂದೇ ಬರೆಯಬೇಕು, ಏಕೆಂದರೆ ಪ್ರಚಾರದ ನಡುವೆಯೇ ವೆಚ್ಚ ವೀಕ್ಷಕರ ಮುಂದೆ ವಹಿಯನ್ನು ತಪಾಸಣೆಗೆ ಒಪ್ಪಿಸಬೇಕಾಗುತ್ತದೆ. ಸಣ್ಣ ದೇಣಿಗೆಗಳೇ ಬಂಡವಾಳವಾಗಿರುವ ಅಭ್ಯರ್ಥಿಯಂತೂ ಕೊಟ್ಟವರ ಹೆಸರು ಮತ್ತು ಮೊತ್ತವನ್ನು ತಪ್ಪದೆ ದಾಖಲಿಸಬೇಕು. ಈ ಕೆಲಸಕ್ಕೆ ಸಹಕಾರ ಸಂಘದಲ್ಲಿ ಲೆಕ್ಕ ಬರೆದು ಅನುಭವವಿರುವ ಒಬ್ಬರನ್ನು ಪೂರ್ತಿಯಾಗಿ ಬಿಡಿ.

ಪ್ರಶ್ನೆ: ಸೋತ ಮೇಲೂ ಲೆಕ್ಕ ಕೊಡಬೇಕೇ?
– ಓದುಗರೊಬ್ಬರು, ಚಾಮರಾಜನಗರ

ಉತ್ತರ: ಕೊಡಲೇಬೇಕು. ಗೆದ್ದರೂ ಸೋತರೂ ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿಸಿದವರನ್ನು ಚುನಾವಣಾ ಆಯೋಗವು ಮೂರು ವರ್ಷಗಳ ಕಾಲ ಅನರ್ಹಗೊಳಿಸಬಹುದು. ಮೊದಲ ಸಲ ಸೋತು ಮುಂದಿನ ಸಲಕ್ಕೆ ಸಿದ್ಧರಾಗುವವರಿಗೆ ಇದು ದೊಡ್ಡ ಪೆಟ್ಟು. ಲೆಕ್ಕ ಸಲ್ಲಿಸಿದ್ದಕ್ಕೆ ಸ್ವೀಕೃತಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.