ಒಂದು ಮೌಸ್‌ಗಾಗಿ ಇಡೀ ಯುಎಸ್‌ಬಿಗೆ ಜಾಗರಣೆ ಮಾಡಿಸಬೇಡಿ

ಸರ್, ಲಿನಕ್ಸ್ ಲ್ಯಾಪ್‌ಟಾಪಲ್ಲಿ ಪವರ್‌ಟಾಪ್ (ವಿದ್ಯುತ್ ಬಳಕೆ ಅಳೆದು ಉಳಿಸೋ ಉಪಕರಣ) ಆಟೋ-ಟ್ಯೂನ್ ಹಾಕಿದ ಮೇಲೆ ಮೌಸ್ ತಡವರಿಸುತ್ತೆ, ಯುಎಸ್‌ಬಿ ಡ್ಯಾಕ್ (ಹೊರಗಿನ ಸೌಂಡ್ ಸಾಧನ) ಟಪ್ ಅನ್ನುತ್ತೆ ಅಂತ ಬೂಟ್ ಲೈನಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡೋ ಸೂಚನೆಗಳ ಸಾಲು) ಯುಎಸ್‌ಬಿಕೋರ್ ಆಟೋಸಸ್ಪೆಂಡ್ ಮೈನಸ್ 1 ಮಾಡಿದ್ದೀರಿ, ಅಂದರೆ ಯಾವ ಯುಎಸ್‌ಬಿ ಸಾಧನವೂ ತಾನಾಗಿ ಮಲಗದ ಹಾಗೆ. ಈಗ ಬ್ಯಾಟರಿ ನಿಲ್ತಿಲ್ಲ ಅಂತಿದ್ದೀರಿ. ನಾನೂ ಇದೇ ಮಾಡಿದ್ದೆ, ಅದಕ್ಕೇ ಬರೀತಿದ್ದೀನಿ. ಮೊದಲು ಆ ಮೈನಸ್ 1 ತೆಗೀರಿ.

ರನ್‌ಟೈಮ್ ಪಿಎಂನಲ್ಲಿ (ಕೆಲಸವಿಲ್ಲದ ಸಾಧನವನ್ನ ಕರ್ನಲ್ ಮಲಗಿಸೋ ವ್ಯವಸ್ಥೆ) ಮಕ್ಕಳೆಲ್ಲ ಮಲಗದೆ ತಾಯಿ ಮಲಗೋ ಹಾಗಿಲ್ಲ. ಒಳಗಿನ ವೆಬ್‌ಕ್ಯಾಮ್, ಬ್ಲೂಟೂತ್ ಎರಡೂ ರೂಟ್ ಹಬ್ ಕೆಳಗೆ, ರೂಟ್ ಹಬ್ ಎಕ್ಸ್‌ಎಚ್‌ಸಿಐ ಅನ್ನೋ ಯುಎಸ್‌ಬಿ ಕಂಟ್ರೋಲರ್ ಕೆಳಗೆ. ನೀವು ಯಾರನ್ನೂ ಮಲಗಗೊಡದಿದ್ದರೆ ಕಂಟ್ರೋಲರ್ ಡಿ0 (ಪೂರ್ತಿ ಎಚ್ಚರದ ಸ್ಥಿತಿ) ಬಿಟ್ಟು ಇಳಿಯಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟಕ್ಕೇ ಪ್ರೊಸೆಸರ್ ಪ್ಯಾಕೇಜ್ ಆಳದ ಸಿ-ಸ್ಟೇಟ್‌ಗೆ (ಪ್ರೊಸೆಸರಿನ ಗಾಢ ನಿದ್ದೆ) ಹೋಗಲ್ಲ. ಬ್ಯಾಟರಿ ತಿನ್ನೋದು ಅದು, ಮೌಸ್ ಅಲ್ಲ.

ಅಪರಾಧಿ ಯಾರು ಅಂತ ಖಚಿತ ಮಾಡ್ಕೊಳ್ಳಿ. ಮೌಸ್ ಸತ್ತಂತಾದ ಕ್ಷಣದಲ್ಲಿ ಕೀಬೋರ್ಡಿಂದಲೇ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸಾಧನಗಳ ಸ್ಥಿತಿ ತೋರಿಸೋ /sys ಫೋಲ್ಡರ್) ಆ ಸಾಧನದ ಪವರ್ ಫೋಲ್ಡರಿನ ರನ್‌ಟೈಮ್ ಸ್ಟೇಟಸ್ ಓದಿ. 'ಸಸ್ಪೆಂಡೆಡ್' ಅಂತಿದ್ದರೆ ಸಿಕ್ಕಿಬಿದ್ದ. ಇನ್ನೊಂದು ಸುಳಿವು: ಕಿತ್ತು ಮತ್ತೆ ಚುಚ್ಚಿದರೆ ಸರಿಹೋಗುತ್ತೆ. ಪವರ್‌ಟಾಪ್ ಸರ್ವಿಸ್ ಓಡೋದು ಬೂಟಲ್ಲಿ ಒಂದೇ ಸಲ. ಆಮೇಲೆ ಚುಚ್ಚಿದ ಮೌಸ್‌ಗೆ ಕರ್ನಲ್ ಕೊಡೋದು 'ಆನ್' (ಮಲಗಬೇಡ), 'ಆಟೋ' (ಕೆಲಸವಿಲ್ಲದಾಗ ಮಲಗು) ಅಲ್ಲ. "ಪೋರ್ಟ್ ಲೂಸು" ಅಂತ ಜನ ಪೋರ್ಟ್ ಬದಲಾಯಿಸ್ತಾ ಕೂರೋದು ಇದಕ್ಕೇ.

ಪರಿಹಾರ ಯುಡೆವ್ ರೂಲ್ (ಸಾಧನ ಚುಚ್ಚಿದಾಗ ಏನು ಮಾಡಬೇಕು ಅನ್ನೋ ನಿಯಮ): ಆಕ್ಷನ್ ಆ್ಯಡ್, ಸಬ್‌ಸಿಸ್ಟಮ್ ಯುಎಸ್‌ಬಿ, ವೆಂಡರ್ ಮತ್ತು ಪ್ರಾಡಕ್ಟ್ ಐಡಿ ಹೊಂದಿದರೆ ಪವರ್ ಕಂಟ್ರೋಲ್ 'ಆನ್'. ಹೋಲಿಸೋ ಕಡೆ ಎರಡು ಸಮ ಚಿಹ್ನೆ, ಕೊನೆಯಲ್ಲಿ ಬೆಲೆ ಕೊಡೋ ಕಡೆ ಒಂದೇ. ಅರ್ಧ ಜನ ಎಡವೋದು ಇಲ್ಲೇ. ಐಡಿ ಸಣ್ಣಕ್ಷರದಲ್ಲಿರಲಿ. 1-2 ಥರದ ಪೋರ್ಟ್ ದಾರಿ ನಂಬಬೇಡಿ, ಬೇರೆ ಪೋರ್ಟಿಗೆ ಹಾಕಿದರೆ ಬದಲಾಗುತ್ತೆ. ವೈರ್‌ಲೆಸ್ ಆದರೆ ಮೌಸ್‌ದಲ್ಲ, ರಿಸೀವರ್ ಐಡಿ.

ಇಷ್ಟು ಮಾಡಿಯೂ ರೀಬೂಟ್ ಆದ ಮೇಲೆ ಹಳೇ ಕಥೆಯೇ ಆಗುತ್ತೆ. ರೂಲ್ 'ಆನ್' ಬರೆದ ಮೇಲೆ ಪವರ್‌ಟಾಪ್ ಬಂದು 'ಆಟೋ' ಅಂತ ತಿದ್ದಿ ಹೋಗುತ್ತೆ, ರೂಲ್ ತಪ್ಪಿಲ್ಲ. ಪವರ್‌ಟಾಪ್ ಅಳೆಯೋಕೆ ಒಳ್ಳೇದು, ದಿನಾ ಬೂಟಲ್ಲಿ ಓಡಿಸೋಕಲ್ಲ. ಆ ಸರ್ವಿಸ್ ಡಿಸೇಬಲ್ ಮಾಡಿ ಟಿಎಲ್‌ಪಿ (ಬ್ಯಾಟರಿ ಉಳಿಸೋ ಇನ್ನೊಂದು ಉಪಕರಣ) ಹಾಕ್ಕೊಳ್ಳಿ. ಅದು ಯುಎಸ್‌ಬಿ ಮೌಸ್, ಕೀಬೋರ್ಡನ್ನು ತಾನಾಗಿಯೇ ಬಿಡುತ್ತೆ. ಉಳಿದದ್ದಕ್ಕೆ ಯುಎಸ್‌ಬಿ ಡೀನೈಲಿಸ್ಟ್ (ಮಲಗಿಸಬಾರದ ಸಾಧನಗಳ ಪಟ್ಟಿ) ಇದೆ. ಎರಡನ್ನೂ ಒಟ್ಟಿಗೆ ಇಟ್ಕೊಂಡು ಇಲ್ಲಿ ಬಂದು ಕೇಳಬೇಡಿ ಮಾರಾಯ್ರೆ.

ಒಂದು ಮಾತು: ಮೌಸ್ 'ಆನ್' ಇದ್ದಷ್ಟು ಹೊತ್ತು ಅದರ ರೂಟ್ ಹಬ್ಬೂ, ಕಂಟ್ರೋಲರ್ರೂ ಎದ್ದೇ ಇರುತ್ತೆ. ಬ್ಯಾಟರಿ ಮೇಲಿದ್ದಾಗ ರಿಸೀವರ್ ಕಿತ್ತಿಡಿ. ಎರಡು ಕಂಟ್ರೋಲರ್ ಇರೋ ಯಂತ್ರವಾದರೆ ಎಲ್‌ಎಸ್‌ಯುಎಸ್‌ಬಿ ಕಮಾಂಡಿನ ಮರದ ನೋಟದಲ್ಲಿ ನೋಡಿ, ಮಲಗದ ಸಾಧನಗಳನ್ನೆಲ್ಲ ಒಂದರ ಕೆಳಗೇ ಹಾಕಿ.

ಮಲಗೋ ಮುನ್ನ ಕಾಯೋ ಡಿಲೇ ಹೆಚ್ಚಿಸಿ ನೋಡೋದಾದರೆ ಅಳತೆಯ ಏಕಮಾನ ಗಮನಿಸಿ. ಬೂಟ್ ಲೈನಿನದು ಸೆಕೆಂಡು (ಮೂಲದಲ್ಲಿ 2), ಸಿಸ್‌ಎಫ್‌ಎಸ್‌ನ ಆಟೋಸಸ್ಪೆಂಡ್ ಡಿಲೇ ಮಿಲಿಸೆಕೆಂಡು. ಅಲ್ಲಿ 5 ಅಂತ ಬರೆದರೆ ಸಾಧನ ಮಲಗಿ ಎದ್ದು ಮಲಗಿ ಎದ್ದು ಸಾಯುತ್ತೆ, 5000 ಬರೀಬೇಕು.

ಡ್ಯಾಕ್ ವಿಷಯಕ್ಕೆ ಗಡಿಯಾರ ಹಿಡೀರಿ. ಹಾಡು ನಿಂತ ಸುಮಾರು 5 ಸೆಕೆಂಡಿಗೆ ಟಪ್ ಅಂದರೆ ಅದು ವೈರ್‌ಪ್ಲಂಬರ್ (ಆಡಿಯೋ ಸಾಧನಗಳನ್ನ ನಿಭಾಯಿಸೋ ಪ್ರೋಗ್ರಾಂ) ಸಾಧನ ಮುಚ್ಚಿದ್ದು. ಕರ್ನಲ್ ಸೆಟ್ಟಿಂಗ್ ಎಷ್ಟು ತಿರುಚಿದರೂ ಹೋಗಲ್ಲ. ಅದರ ಸೆಷನ್ ಸಸ್ಪೆಂಡ್ ಟೈಮೌಟ್ 0 ಮಾಡಿ. 7ರ ಆಸುಪಾಸಲ್ಲಿ ಬಂದರೆ ಆಮೇಲಿನ 2 ಸೆಕೆಂಡು ಕರ್ನಲ್‌ದು, ಆಗ ಮೇಲಿನ ರೂಲ್ ಸಾಕು. ಯುಎಸ್‌ಬಿ ಅಲ್ಲದೆ ಒಳಗಿನ ಸೌಂಡ್ ಕಾರ್ಡೇ ಟಪ್ ಅಂತಿದ್ದರೆ ಎಚ್‌ಡಿಎ ಇಂಟೆಲ್ ಮಾಡ್ಯೂಲಿನ ಪವರ್ ಸೇವ್ 0.

ಹೆಸರಿಲ್ಲದ ಅಗ್ಗದ ಹಬ್ ಮೂಲಕ ಹಾಕಿದ್ದರೆ ಮೊದಲು ಅದನ್ನ ತೆಗೆದು ನೋಡಿ. ಎಚ್ಚರವಾದಾಗ ಕರ್ನಲ್ ಲಾಗಲ್ಲಿ ಡಿಸ್ಕ್ರಿಪ್ಟರ್ ರೀಡ್ ಎರರ್ ಮೈನಸ್ 71 ಬಂದರೆ ಹಬ್ ಅಥವಾ ಕೇಬಲ್ ಮೇಲೇ ಮೊದಲ ಅನುಮಾನ. ಸಾಧನ ಎದ್ದೂ ಮಂಕಾಗಿ ಕೂತರೆ ಯುಎಸ್‌ಬಿಕೋರ್ ಕ್ವರ್ಕ್ಸ್‌ನಲ್ಲಿ (ಸಾಧನವಾರು ವಿನಾಯಿತಿ ಪಟ್ಟಿ) ಅದರ ಐಡಿ ಆದ ಮೇಲೆ 'ಬಿ' ಹಾಕಿ, ಏಳುವಾಗ ರೀಸೆಟ್ ಆಗುತ್ತೆ. ಯುಎಸ್‌ಬಿ 3 ಡಿಸ್ಕ್ ನಡುನಡುವೆ ಕಳಚಿಕೊಂಡರೆ 'ಕೆ', ಅದು ಲಿಂಕ್ ಪವರ್ ನಿರ್ವಹಣೆ ನಿಲ್ಲಿಸುತ್ತೆ.

ಹಾಂ, ಇದೇ ಉತ್ಸಾಹದಲ್ಲಿ ಸಾಟಾ (ಡಿಸ್ಕ್ ಸಂಪರ್ಕ) ಲಿಂಕ್ ಪಾಲಿಸಿಯನ್ನ ಮಿನ್ ಪವರ್ ಮಾಡಿಬಿಡಬೇಡಿ, ಕೆಲವು ಎಸ್‌ಎಸ್‌ಡಿಗಳಲ್ಲಿ ಡೇಟಾ ಹಾಳಾಗುತ್ತೆ. ಕರ್ನಲ್ 4.15ರಿಂದ ಇರೋ ಮೆಡ್ ಪವರ್ ವಿತ್ ಡಿಪ್ಮ್ ಹಾಕಿ. ಮೈನಸ್ 1 ತೆಗೆದ ಮೇಲೆ ರಿಸೀವರ್ ಕಿತ್ತು ಹತ್ತು ನಿಮಿಷ ಬಿಟ್ಟು, ಎಕ್ಸ್‌ಎಚ್‌ಸಿಐನ ರನ್‌ಟೈಮ್ ಸಸ್ಪೆಂಡೆಡ್ ಟೈಮ್ ಎಷ್ಟಿದೆ ಅಂತ ಇಲ್ಲಿ ಬರೆದು ಹಾಕಿ. ಇನ್ನೂ 0 ಇದ್ದರೆ ಕಂಟ್ರೋಲರ್‌ನ ಸ್ವಂತ ಪವರ್ ಕಂಟ್ರೋಲ್ 'ಆನ್'ನಲ್ಲೇ ಉಳಿದಿದೆಯಾ ನೋಡಿ. ಅದು 'ಆಟೋ' ಇದ್ದರೆ ಕೆಳಗೆ ಇನ್ಯಾರೋ ಎದ್ದಿದ್ದಾರೆ. ವೆಬ್‌ಕ್ಯಾಮ್ ತೆರೆದಿಟ್ಟ ಬ್ರೌಸರ್ ಟ್ಯಾಬಿಂದ ಹುಡುಕೋಕೆ ಶುರು ಮಾಡಿ.