ಗಡುವು ಮುಗಿದ ಡೊಮೇನ್ ಮರಳಿ ಸಿಗುತ್ತಾ?

ನಿಮ್ಮ ಅಂಗಡಿಯ ಡಾಟ್ ಕಾಮ್ ಹೆಸರಿನ ಗಡುವು ಮುಗಿದು 12 ದಿನವಾಗಿದೆ, ಸೈಟ್ ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ, ಹೆಸರು ಕೈತಪ್ಪಿತಾ ಎಂದು ಕೇಳಿದ್ದೀರಿ. ಗಾಬರಿ ಬೇಡ, ಬಹುಮಟ್ಟಿಗೆ ಇನ್ನೂ ಸಮಯವಿದೆ. ಆದರೆ ಇವತ್ತೇ ಕೆಲಸ ಶುರು ಮಾಡಿ.

ಮೊದಲು ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಯಾರು, ಈಗಿನ ಸ್ಥಿತಿ ಏನು ಅಂತ ಗೊತ್ತಾಗುತ್ತದೆ. ಗಡುವಿನ ನಂತರ ಮಾಮೂಲಿ ದರದಲ್ಲೇ ನವೀಕರಿಸಲು ರಿಜಿಸ್ಟ್ರಾರ್‌ಗಳು ಸಾಮಾನ್ಯವಾಗಿ ಕೆಲವು ದಿನ ಬಿಡುತ್ತಾರೆ. ಎಷ್ಟು ದಿನ ಎಂಬುದು ಒಬ್ಬೊಬ್ಬರದು ಒಂದೊಂದು, ಹೆಚ್ಚೆಂದರೆ 45. ಕೆಲವರು ಅಷ್ಟರೊಳಗೇ ಹರಾಜಿಗಿಡುತ್ತಾರೆ, ಅದಕ್ಕೇ ಅವಸರ. ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನ 'ರಿಡೆಂಪ್ಶನ್', ಅಂದರೆ ಅದನ್ನು ಬಿಡಿಸಿಕೊಳ್ಳುವ ಅವಕಾಶ, ಇರುತ್ತದೆ, ಆದರೆ ದಂಡ ಜಾಸ್ತಿ. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ. ನಂತರ ಹೆಸರು ಯಾರಿಗೆ ಬೇಕಾದರೂ ಸಿಗಬಹುದು.

ನಿಜವಾದ ತೊಡಕು ಬೇರೆ: ನೋಂದಣಿ ಯಾರ ಹೆಸರಲ್ಲಿದೆ? ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ರಿಜಿಸ್ಟ್ರಾರ್ ಲೆಕ್ಕದಲ್ಲಿ ಮಾಲೀಕರು ಅವರೇ. ಬಿಲ್, ಹಣ ಕಳಿಸಿದ ದಾಖಲೆ, ಮೆಸೇಜ್‌ಗಳನ್ನು ಜೋಡಿಸಿಟ್ಟುಕೊಂಡು ರಿಜಿಸ್ಟ್ರಾರ್‌ಗೆ ಬರೆಯಿರಿ. ಸೈಟ್ ಮಾಡಿಕೊಟ್ಟವರ ಮನೆಗೋ ಆಫೀಸಿಗೋ ಒಮ್ಮೆ ಹೋಗಿ ಬನ್ನಿ, ಎದುರಿಗೆ ಕೂತು ಮಾತಾಡಿದರೆ ಬೇಗ ಬಗೆಹರಿಯಬಹುದು. ಹೆಸರು ಸಿಕ್ಕ ಕೂಡಲೇ ಖಾತೆಯನ್ನು ನಿಮ್ಮದೇ ಇಮೇಲ್‌ಗೆ ಬದಲಿಸಿಕೊಳ್ಳಿ, ಆಟೋ ರಿನ್ಯೂ ಹಾಕಿಡಿ.